ನೀಲಿಯಾದ ಸ್ಟಾರ್‌ಸ್ಕ್ರೀಮ್: ತಪ್ಪು ಹುಡುಕುವವರಿಗಾಗಿ ಒಂದು ಹಳೆಯ ಕಾರ್ಟೂನ್ ಸಂಪುಟದ ವಿಮರ್ಶೆ

"ಮಾವ, ಅವನು ನೀಲಿ ಆಗ್ಬಿಟ್ಟ!" ಎಂದು ನನ್ನ ಅಕ್ಕನ ಮಗ ಕೂಗಿದಾಗ ನಾನೂ ಅದೇ ತೆರೆಯನ್ನು ನೋಡುತ್ತಿದ್ದೆ, ಆದರೆ ನನಗೆ ಏನೂ ಕಂಡಿರಲಿಲ್ಲ. ಅವನ ಒತ್ತಾಯಕ್ಕೆ ಹಿಂದಕ್ಕೆ ಹೋಗಿ ನೋಡಿದರೆ ಹುಡುಗ ಹೇಳಿದ್ದು ಸರಿಯಾಗಿತ್ತು. ಬೂದು ಮೈ, ಕೆಂಪು ಮುಂಡ, ನೀಲಿ ಮುಷ್ಟಿಗಳ ಸ್ಟಾರ್‌ಸ್ಕ್ರೀಮ್ ಎಂಬ ವಿಮಾನ ರೋಬೋ ತನ್ನ ಕೀರಲು ದನಿಯಲ್ಲಿ ಒಡೆಯನ ಮೇಲೆ ದೂರು ಹೇಳುತ್ತಿದ್ದಾನೆ, ದೃಶ್ಯ ಬದಲಾಗುತ್ತದೆ, ಅದೇ ಜಾಗ, ಅದೇ ದನಿ, ಅದೇ ವಾಕ್ಯದ ಉಳಿದರ್ಧ, ಆದರೆ ಮಾತನಾಡುತ್ತಿರುವ ಮೈ ಅಡಿಯಿಂದ ಮುಡಿಯವರೆಗೆ ನೀಲಿ. ಎರಡು ಸೆಕೆಂಡಿನ ನಂತರ ಮತ್ತೆ ದೃಶ್ಯ ಬದಲಾದಾಗ ಅವನು ಏನೂ ಆಗಿಲ್ಲವೆಂಬಂತೆ ತನ್ನ ಹಳೆಯ ಬಣ್ಣದಲ್ಲೇ ನಿಂತಿದ್ದಾನೆ. ಆ ದಿನದಿಂದ ನಮ್ಮಿಬ್ಬರಿಗೂ ಈ ಸರಣಿಯ ಕಥೆಗಿಂತ ಅದರ ತಪ್ಪುಗಳೇ ಹೆಚ್ಚು ರುಚಿಸತೊಡಗಿದವು. ಆದ್ದರಿಂದ ಈ ವಿಮರ್ಶೆಯನ್ನೂ ಆ ಕಣ್ಣಿನಿಂದಲೇ ಬರೆಯುತ್ತಿದ್ದೇನೆ: ಮಕ್ಕಳ ಕಾರ್ಟೂನುಗಳಲ್ಲಿ ತಪ್ಪು ಹುಡುಕುವ ಹವ್ಯಾಸವುಳ್ಳವರಿಗೆ 'ದಿ ಟ್ರಾನ್ಸ್‌ಫಾರ್ಮರ್ಸ್' ಸರಣಿಯ ಡಿವಿಡಿ ಸಂಪುಟ ಎಷ್ಟರಮಟ್ಟಿಗೆ ತಕ್ಕದ್ದು ಎಂಬುದು ಇಲ್ಲಿನ ಪ್ರಶ್ನೆ.

ಸರಣಿಯ ಪರಿಚಯ ಹೆಚ್ಚು ಬೇಕಾಗಿಲ್ಲ. 1984ರ ಸೆಪ್ಟೆಂಬರಿನಲ್ಲಿ ಅಮೆರಿಕದ ದೂರದರ್ಶನದಲ್ಲಿ ಶುರುವಾಗಿ 1987ರ ನವೆಂಬರಿನಲ್ಲಿ ಮುಗಿದ ಈ ಕಾರ್ಟೂನಿನಲ್ಲಿ ಒಟ್ಟು 98 ಕಂತುಗಳಿವೆ. ವಾಹನಗಳಾಗಿ ಬದಲಾಗಬಲ್ಲ ರೋಬೋಗಳ ಎರಡು ಪಂಗಡಗಳು, ಒಳ್ಳೆಯ ಆಟೋಬಾಟ್‌ಗಳು ಮತ್ತು ಕೆಟ್ಟ ಡಿಸೆಪ್ಟಿಕಾನ್‌ಗಳು, ನಾಲ್ಕು ದಶಲಕ್ಷ ವರ್ಷಗಳ ನಿದ್ದೆಯಿಂದ ಭೂಮಿಯ ಮೇಲೆ ಎಚ್ಚೆತ್ತು ತಮ್ಮ ಹಳೆಯ ಯುದ್ಧವನ್ನು ಮುಂದುವರಿಸುತ್ತವೆ. ಸರಣಿಯ ಹುಟ್ಟಿಗೆ ಕಾರಣ ಆಟಿಕೆಗಳು. ಜಪಾನಿನ ತಕಾರಾ ಕಂಪನಿಯ ಆಟಿಕೆಗಳನ್ನು ಅಮೆರಿಕದ ಹ್ಯಾಸ್ಬ್ರೊ ಹೊಸ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು, ಆ ಮಾರಾಟಕ್ಕೆ ಬೆಂಬಲವಾಗಿ ಕಾರ್ಟೂನ್ ಬಂದಿತು. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಸರಣಿಯ ಅರ್ಧದಷ್ಟು ತಪ್ಪುಗಳ ಬೇರು ತಾನಾಗಿಯೇ ಸಿಗುತ್ತದೆ.

ನೀಲಿಯಾದ ಸ್ಟಾರ್‌ಸ್ಕ್ರೀಮ್‌ನನ್ನೇ ತೆಗೆದುಕೊಳ್ಳಿ. ಆಟಿಕೆಯ ಅಚ್ಚು ಮಾಡುವುದು ಖರ್ಚಿನ ಕೆಲಸವಾದ್ದರಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಬಣ್ಣ ಬದಲಾಯಿಸಿ ಹಲವು ಪಾತ್ರಗಳನ್ನು ಮಾರುವುದು ವಾಡಿಕೆ. ಸ್ಟಾರ್‌ಸ್ಕ್ರೀಮ್, ನೀಲಿ ಮೈಯ ಥಂಡರ್‌ಕ್ರ್ಯಾಕರ್, ಕಪ್ಪು-ನೇರಳೆ ಮೈಯ ಸ್ಕೈವಾರ್ಪ್, ಈ ಮೂವರೂ ಒಂದೇ ಎಫ್-15 ಯುದ್ಧವಿಮಾನದ ಅಚ್ಚಿನಿಂದ ಬಂದವರು. ಆಟೋಬಾಟ್‌ಗಳಲ್ಲಿ ಪ್ರೌಲ್, ಬ್ಲೂಸ್ಟ್ರೀಕ್, ಸ್ಮೋಕ್‌ಸ್ಕ್ರೀನ್ ಒಂದೇ ಕಾರಿನ ಮಕ್ಕಳು. ಕೆಂಪು ಐರನ್‌ಹೈಡ್ ಮತ್ತು ಬಿಳಿ ರ್ಯಾಚೆಟ್ ಒಂದೇ ವ್ಯಾನಿನವರು. ಕಾರ್ಟೂನಿಗೆ ಬಂದಾಗಲೂ ಈ ಗುಂಪುಗಳ ರೇಖೆಗಳು ಬಹುತೇಕ ಒಂದೇ ಆಗಿ ಉಳಿದವು. ಅಂದರೆ ಬಣ್ಣ ತುಂಬದ ಚಿತ್ರದಲ್ಲಿ ಸ್ಟಾರ್‌ಸ್ಕ್ರೀಮ್‌ಗೂ ಥಂಡರ್‌ಕ್ರ್ಯಾಕರ್‌ಗೂ ವ್ಯತ್ಯಾಸವೇ ಇರುವುದಿಲ್ಲ. ಯಾರು ಯಾರು ಎಂಬುದು ತೀರ್ಮಾನವಾಗುವುದು ಬಣ್ಣದ ಮೇಜಿನ ಮುಂದೆ.

ಆ ಮೇಜಿನ ಕೆಲಸ ಹೇಗಿತ್ತೆಂದು ತಿಳಿದರೆ ತಪ್ಪು ನಡೆದದ್ದು ಆಶ್ಚರ್ಯವೆನಿಸುವುದಿಲ್ಲ. ಆ ಕಾಲದ ಕಾರ್ಟೂನುಗಳಲ್ಲಿ ಕಲಾವಿದರು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿದ ಚಿತ್ರದ ರೇಖೆಗಳನ್ನು 'ಸೆಲ್' ಎಂಬ ಪಾರದರ್ಶಕ ಹಾಳೆಗೆ ಇಳಿಸಿ, ಆ ಹಾಳೆಯನ್ನು ಮಗುಚಿ, ಹಿಂಬದಿಯಿಂದ ಬಣ್ಣ ತುಂಬುತ್ತಿದ್ದರು. ಯಾವ ಭಾಗಕ್ಕೆ ಯಾವ ಬಣ್ಣವೆಂದು ತಿಳಿಸುವ ಮಾದರಿ ಹಾಳೆ ಪಕ್ಕದಲ್ಲಿರುತ್ತಿತ್ತು. ಬಣ್ಣ ತುಂಬುವವರ ಕೈಗೆ ಕಥೆಯೂ ಬರುವುದಿಲ್ಲ, ದನಿಯೂ ಕೇಳಿಸುವುದಿಲ್ಲ, ಬರುವುದು ಹಾಳೆಗಳ ಕಟ್ಟು ಮಾತ್ರ. ಈ ಸರಣಿಯ ಸಂಭಾಷಣೆಗಳು ಅಮೆರಿಕದಲ್ಲಿ ಧ್ವನಿಮುದ್ರಣವಾದರೆ ಚಿತ್ರಗಳು ತಯಾರಾದದ್ದು ಜಪಾನಿನ ತೋಯೆ ಮತ್ತು ಕೊರಿಯಾದ ಏಕಾಮ್ ಮುಂತಾದ ಸ್ಟುಡಿಯೋಗಳಲ್ಲಿ. ಕಟ್ಟಿನ ಮೇಲಿನ ಹೆಸರು ಅದಲುಬದಲಾದರೆ, ಅಥವಾ ಮಾದರಿ ಹಾಳೆ ತಪ್ಪಿದರೆ, ನೀಲಿ ಥಂಡರ್‌ಕ್ರ್ಯಾಕರ್‌ನ ಬಾಯಿಂದ ಸ್ಟಾರ್‌ಸ್ಕ್ರೀಮ್‌ನ ದನಿ ಹೊರಡುತ್ತದೆ. ತಪ್ಪಾದ ಭಾಗವನ್ನು ಮತ್ತೆ ಚಿತ್ರಿಸಿ ತರಿಸಲು ಸಮುದ್ರ ದಾಟಿ ಹೋಗಿ ಬರುವಷ್ಟು ಸಮಯ ಬೇಕು, ಪ್ರಸಾರದ ದಿನ ಅಷ್ಟು ಹೊತ್ತು ಕಾಯುವುದಿಲ್ಲ.

ಇಷ್ಟು ತಿಳಿದ ಮೇಲೆ ಆ ಎರಡು ಸೆಕೆಂಡನ್ನು ನಾವು ಒಂದೊಂದೇ ಫ್ರೇಮಾಗಿ ಸರಿಸಿ ನೋಡಿದೆವು. ಸಿನಿಮಾದ ಲೆಕ್ಕದಲ್ಲಿ ಸೆಕೆಂಡಿಗೆ 24 ಫ್ರೇಮ್, ಎರಡು ಸೆಕೆಂಡಿಗೆ 48. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸುವುದು ಕಾರ್ಟೂನಿನಲ್ಲಿ ಸಾಮಾನ್ಯವಾದ್ದರಿಂದ ಪೂರ್ತಿ ಚಲನೆಯಿದ್ದರೆ 24 ಚಿತ್ರಗಳು ಬೇಕಾಗುತ್ತಿದ್ದವು. ಆದರೆ ಇಲ್ಲಿ ಮೈ ಅಲುಗಾಡುವುದೇ ಇಲ್ಲ, ಬಾಯಿ ಮಾತ್ರ ಆಡುತ್ತದೆ. ಮೈಯದು ಒಂದೇ ಸೆಲ್, ಅದರ ಮೇಲೆ ಬಾಯಿಯ ಬೇರೆ ಬೇರೆ ಆಕಾರಗಳ ಪುಟ್ಟ ಸೆಲ್‌ಗಳನ್ನು ಬದಲಾಯಿಸುತ್ತಾ ಹೋಗಿದ್ದಾರೆ. ಹಾಗಾದರೆ ಇಡೀ ದೃಶ್ಯವನ್ನು ಕೆಡಿಸಿದ್ದು ತಪ್ಪು ಬಣ್ಣದ ಒಂದೇ ಒಂದು ಹಾಳೆ. ಇನ್ನೊಂದು ಕಂತಿನಲ್ಲಿ ಇದೇ ಬಗೆಯ ತಪ್ಪು ಓಡುವ, ತಿರುಗುವ, ಗುಂಡು ಹಾರಿಸುವ ದೃಶ್ಯದ ಉದ್ದಕ್ಕೂ ಕಾಣುತ್ತದೆ. ಅಲ್ಲಿ ಹತ್ತಾರು ಹಾಳೆಗಳು ಒಟ್ಟಿಗೆ ದಾರಿ ತಪ್ಪಿವೆ, ಅಂದರೆ ತಪ್ಪಾದದ್ದು ಕುಂಚ ಹಿಡಿದ ಕೈಯಲ್ಲ, ಕಟ್ಟಿನ ಮೇಲಿನ ಚೀಟಿಯೇ ಇರಬೇಕು. ಮೇಲ್ನೋಟಕ್ಕೆ ಎರಡೂ ಒಂದೇ ತಪ್ಪು. ನಿಧಾನಿಸಿ ನೋಡಿದವರಿಗೆ ಮಾತ್ರ ಎರಡೂ ಬೇರೆ ಬೇರೆ ಎಂಬುದು ತಿಳಿಯುತ್ತದೆ. ಈ ಹವ್ಯಾಸದ ಅಸಲಿ ಸುಖ ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ, ತಪ್ಪುಗಳ ಪಟ್ಟಿಯನ್ನು ಉದ್ದ ಮಾಡುತ್ತಾ ಹೋಗುವುದರಲ್ಲಿ ಅಲ್ಲ.

ಸೆಲ್‌ಗಳ ಪದರವೇ ಇನ್ನೊಂದು ಬಗೆಯ ತಪ್ಪಿನ ತವರು. ಹಾಳೆ ಎಷ್ಟೇ ಪಾರದರ್ಶಕವಾದರೂ ಅದರ ಕೆಳಗಿನ ಬಣ್ಣ ಒಂದಿಷ್ಟು ಮಂಕಾಗುತ್ತದೆ. ಹೀಗಾಗಿ ನಿಂತಿರುವ ಮೈ ಕೆಳಗಿನ ಪದರದಲ್ಲೂ ಆಡುವ ಕೈ ಮೇಲಿನ ಪದರದಲ್ಲೂ ಇದ್ದಾಗ ಕೈಯ ಕೆಂಪು ಮೈಯ ಕೆಂಪಿಗಿಂತ ಸ್ವಲ್ಪ ಹೆಚ್ಚು ಗಾಢವಾಗಿ ಕಾಣುತ್ತದೆ. ಬಂಡೆಗಳ ರಾಶಿಯಲ್ಲಿ ಯಾವ ಬಂಡೆ ಉರುಳಲಿದೆ, ಸಾಲು ಬಾಗಿಲುಗಳಲ್ಲಿ ಯಾವುದು ತೆರೆಯಲಿದೆ ಎಂಬುದನ್ನು ಹಳೆಯ ಕಾರ್ಟೂನುಗಳಲ್ಲಿ ಮೊದಲೇ ಊಹಿಸಬಹುದಾದದ್ದೂ ಇದರಿಂದಲೇ: ಅಲುಗಾಡದ ವಸ್ತುಗಳು ಹಿನ್ನೆಲೆಯ ವರ್ಣಚಿತ್ರದಲ್ಲಿ ಬೆರೆತಿರುತ್ತವೆ, ಅಲುಗಾಡಲಿರುವುದು ಸಪಾಟು ಬಣ್ಣದಲ್ಲಿ ಪ್ರತ್ಯೇಕವಾಗಿ ಎದ್ದು ಕಾಣುತ್ತದೆ. ಪದರಗಳ ಕ್ರಮ ತಪ್ಪಿದಾಗ ಹಿಂದೆ ನಿಂತವನ ತೋಳು ಮುಂದೆ ನಿಂತವನ ಎದೆಯ ಮೇಲೆ ಬರುತ್ತದೆ. ಬಾಯಿಯ ಸೆಲ್ ಇಡಲು ಮರೆತರೆ ಒಂದೆರಡು ಫ್ರೇಮ್ ಮುಖದಲ್ಲಿ ಬಾಯಿಯೇ ಇರುವುದಿಲ್ಲ. ಎದೆಯ ಮೇಲಿನ ಪಂಗಡದ ಲಾಂಛನದ್ದು ಇನ್ನೂ ತಮಾಷೆಯ ಕಥೆ. ಆಟೋಬಾಟ್‌ನ ಎದೆಯ ಮೇಲೆ ಶತ್ರುವಿನ ನೇರಳೆ ಲಾಂಛನ ಕಾಣಿಸಿಕೊಳ್ಳುವುದು ಈ ಸರಣಿಯಲ್ಲಿ ಅಪರೂಪವೇನಲ್ಲ, ನನ್ನ ಸೋದರಳಿಯ ಅದನ್ನು "ಪಾರ್ಟಿ ಬದಲಾಯಿಸಿದ" ಎಂದು ಗುರುತು ಹಾಕಿಕೊಳ್ಳುತ್ತಾನೆ.

ಆದರೆ ಕಣ್ಣಿಗೆ ವಿಚಿತ್ರವಾಗಿ ಕಂಡದ್ದೆಲ್ಲ ತಪ್ಪಲ್ಲ, ಹೊಸಬರು ಎಡವುವುದು ಇಲ್ಲಿ. ನಾಯಕ ಆಪ್ಟಿಮಸ್ ಪ್ರೈಮ್ ಲಾರಿಯಿಂದ ರೋಬೋ ಆಗುವಾಗ ಅವನ ಹಿಂದಿನ ಟ್ರೇಲರ್ ಪಕ್ಕಕ್ಕೆ ಉರುಳಿ ತೆರೆಯ ಆಚೆ ಹೋಗಿ ಮಾಯವಾಗುತ್ತದೆ, ಅವನು ಮತ್ತೆ ಲಾರಿಯಾದಾಗ ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತದೆ. ಖಳನಾಯಕ ಮೆಗಾಟ್ರಾನ್ ದೈತ್ಯ ರೋಬೋನಿಂದ ಕೈಯಲ್ಲಿ ಹಿಡಿಯುವ ಪಿಸ್ತೂಲಾಗಿ ಕುಗ್ಗುತ್ತಾನೆ, ಸೌಂಡ್‌ವೇವ್ ಪುಟ್ಟ ಟೇಪ್ ರೆಕಾರ್ಡರ್ ಆಗುತ್ತಾನೆ. ತೂಕ, ಗಾತ್ರ ಎಲ್ಲಿ ಹೋದವೆಂದು ಯಾರೂ ಕೇಳುವುದಿಲ್ಲ. ಇವು ಪ್ರತಿ ಕಂತಿನಲ್ಲೂ ಒಂದೇ ರೀತಿ ನಡೆಯುವುದರಿಂದ ಇವನ್ನು ಕಾರ್ಟೂನಿನ ಒಪ್ಪಂದಗಳೆಂದು ಒಪ್ಪಿಕೊಂಡು ಬಿಡಬೇಕು. ಮಿಕ್ಕಿ ಮೌಸ್ ಯಾವ ಕಡೆ ತಿರುಗಿದರೂ ಅವನ ಕಿವಿಗಳು ದುಂಡಗೇ ಕಾಣುವುದನ್ನು ನಾವು ಒಪ್ಪಿಲ್ಲವೇ? ಸರಣಿ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿದಾಗ ಮಾತ್ರ ನಾನು ತಪ್ಪೆಂದು ಎಣಿಸುತ್ತೇನೆ. ಒಂದೇ ಕಂತಿನಲ್ಲಿ ಆಸ್ಟ್ರೋಟ್ರೇನ್ ಎಂಬ ರೋಬೋ ಒಮ್ಮೆ ಉಳಿದವರ ಎತ್ತರಕ್ಕೇ ನಿಂತು, ಮುಂದಿನ ದೃಶ್ಯದಲ್ಲಿ ಅವರೆಲ್ಲರನ್ನೂ ಹೊಟ್ಟೆಯೊಳಗೆ ತುಂಬಿಕೊಂಡು ಹಾರಿದರೆ ಅದು ಒಪ್ಪಂದವೋ ತಪ್ಪೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ.

ಕಥೆಯ ಮುಂದುವರಿಕೆಯಲ್ಲಿನ ತಪ್ಪುಗಳನ್ನು ಹುಡುಕುವವರಿಗಂತೂ ಈ ಸಂಪುಟ ಚಿನ್ನದ ಗಣಿ. ಕನ್‌ಸ್ಟ್ರಕ್ಟಿಕಾನ್‌ಗಳೆಂಬ ಹಸಿರು ಕಟ್ಟಡ ಯಂತ್ರಗಳ ಗುಂಪೊಂದಿದೆ. ಮೊದಲ ಭಾಗದ ಕೊನೆಯ ಕಂತು 'ಹೆವಿ ಮೆಟಲ್ ವಾರ್' ಪ್ರಕಾರ ಅವರನ್ನು ಮೆಗಾಟ್ರಾನ್ ಭೂಮಿಯ ಮೇಲೆಯೇ ನಿರ್ಮಿಸಿದ. 1985ರ 'ದಿ ಸೀಕ್ರೆಟ್ ಆಫ್ ಒಮೆಗಾ ಸುಪ್ರೀಮ್' ಕಂತಿನಲ್ಲಿ ಅವರು ಬಹಳ ಹಿಂದೆಯೇ ರೋಬೋಗಳ ತವರಾದ ಸೈಬರ್‌ಟ್ರಾನ್ ಗ್ರಹದಲ್ಲಿ ಒಮೆಗಾ ಸುಪ್ರೀಮ್ ಎಂಬ ದೈತ್ಯ ಆಟೋಬಾಟ್‌ನ ಗೆಳೆಯರಾಗಿದ್ದು ನಂತರ ಕೆಟ್ಟವರಾಗಿ ಬದಲಾದವರು. 1986ರ 'ಫೈವ್ ಫೇಸಸ್ ಆಫ್ ಡಾರ್ಕ್‌ನೆಸ್'ಗೆ ಬಂದಾಗ ಕಥೆ ತಲೆಕೆಳಗಾಗಿ, ಮೆಗಾಟ್ರಾನ್‌ನನ್ನು ನಿರ್ಮಿಸಿದವರೇ ಕನ್‌ಸ್ಟ್ರಕ್ಟಿಕಾನ್‌ಗಳು! ಮಗ ಅಪ್ಪನನ್ನು ಹೆತ್ತ ಕಥೆ ಇದು. ಹಾಗೆಯೇ 'ದಿ ಕೀ ಟು ವೆಕ್ಟರ್ ಸಿಗ್ಮಾ' ಕಂತು ರೋಬೋಗಳಿಗೆ ಜೀವ ತುಂಬಲು ವೆಕ್ಟರ್ ಸಿಗ್ಮಾ ಎಂಬ ಗಣಕವೇ ಬೇಕೆನ್ನುತ್ತದೆ. ಅದಕ್ಕೂ ಮೊದಲೇ ಆಟೋಬಾಟ್‌ಗಳು ಅಂಥ ಯಾವ ಗಣಕದ ಹಂಗೂ ಇಲ್ಲದೆ ಭೂಮಿಯ ಮೇಲೆ ಡೈನೋಸಾರ್ ರೂಪದ ಡೈನೋಬಾಟ್‌ಗಳನ್ನು ಕಟ್ಟಿ ನಿಲ್ಲಿಸಿಯಾಗಿತ್ತು. ಇಂಥವನ್ನು ಕಂಡಾಗ ಬರಹಗಾರರನ್ನು ಬೈಯುವ ಮೊದಲು ಒಂದು ಲೆಕ್ಕ ನೋಡುವುದು ಒಳ್ಳೆಯದು. ಮೊದಲ ಭಾಗದಲ್ಲಿ 16 ಕಂತುಗಳಿದ್ದವು; ವಾರಕ್ಕೆ ಐದು ದಿನ, ಹದಿಮೂರು ವಾರ ಪ್ರಸಾರ ಮಾಡಲು 65 ಕಂತು ಬೇಕು; ಆದ್ದರಿಂದ ಎರಡನೆಯ ಭಾಗದಲ್ಲಿ ಒಮ್ಮೆಗೇ 49 ಕಂತುಗಳನ್ನು ಮಾಡಿ ಮುಗಿಸಿದರು. ಅನೇಕ ಬರಹಗಾರರು ಏಕಕಾಲದಲ್ಲಿ ಬರೆಯುತ್ತಿರುವಾಗ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿರಲೇಬೇಕೆಂದಿಲ್ಲ. ಅದೇ ವರ್ಷ ಬಂದ ಹೊಸ ಆಟಿಕೆಗಳ ಪಾತ್ರಗಳು ಯಾವ ಪರಿಚಯವೂ ಇಲ್ಲದೆ, ಮೊದಲಿನಿಂದಲೂ ಮನೆಯಲ್ಲೇ ಇದ್ದವರಂತೆ ದಿಢೀರನೆ ಕಾಣಿಸಿಕೊಳ್ಳುವುದಕ್ಕೂ ಇದೇ ಅವಸರ ಕಾರಣ.

ಮೂರನೆಯ ಭಾಗವನ್ನು ನೋಡುವ ಮೊದಲು 1986ರ ಆಗಸ್ಟಿನಲ್ಲಿ ಬಂದ ಚಲನಚಿತ್ರವನ್ನು ನೋಡಿರಬೇಕು. ಅದು ಈ ಸಂಪುಟದ ಭಾಗವಲ್ಲವಾದರೂ ಅದರಲ್ಲಿನ ಒಂದು ಗೊಂದಲ ಇಲ್ಲಿಗೂ ಹರಿದು ಬಂದಿದೆ. ಚಿತ್ರದಲ್ಲಿ ಗಾಯಗೊಂಡ ಡಿಸೆಪ್ಟಿಕಾನ್‌ಗಳಿಗೆ ಹೊಸ ರೂಪ ಸಿಗುವ ದೃಶ್ಯದಲ್ಲಿ ಸೈಕ್ಲೋನಸ್ ಎಂಬ ಯೋಧನೂ ಅವನ ವಿಮಾನಪಡೆಯೂ ಸೃಷ್ಟಿಯಾದವೆಂದು ಹೇಳುತ್ತಾರೆ, ತೆರೆಯ ಮೇಲೆ ಒಂದೇ ರೂಪದ ಇಬ್ಬರು ಸೈಕ್ಲೋನಸ್‌ಗಳು ಕಾಣುತ್ತಾರೆ. ಒಬ್ಬ ಬಾಂಬ್‌ಶೆಲ್ ಎಂಬ ಕೀಟ ರೂಪದ ರೋಬೋನಿಂದ ಆದವನು, ಇನ್ನೊಬ್ಬ ಸ್ಕೈವಾರ್ಪ್‌ನಿಂದ ಆದವನು. ಇವರಲ್ಲಿ ನಿಜವಾದ ಸೈಕ್ಲೋನಸ್ ಯಾರು? ಆ ಪಡೆ ಮುಂದೆ ಸರಣಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲವಾದ್ದರಿಂದ ಅಭಿಮಾನಿಗಳು ಇಂದಿಗೂ ಈ ವಿಷಯದಲ್ಲಿ ಜಗಳವಾಡುತ್ತಾರೆ. ಮೂರನೆಯ ಭಾಗದಲ್ಲಿ ಏಕಾಮ್ ಸ್ಟುಡಿಯೋದ ಪಾಲು ಹೆಚ್ಚಿತು, ಚಿತ್ರದ ನಿರ್ದೇಶಕ ನೆಲ್ಸನ್ ಶಿನ್ ಅವರೇ ಸ್ಥಾಪಿಸಿದ ಸ್ಟುಡಿಯೋ ಅದು. ಆ ಭಾಗದ 'ಕಾರ್ನೇಜ್ ಇನ್ ಸಿ-ಮೈನರ್' ಎಂಬ ಕಂತು ತಪ್ಪುಗಳಿಗಾಗಿಯೇ ಹೆಸರಾಗಿದೆ. ಸಂಗೀತದ ಸ್ವರಮೇಳವೇ ಆಯುಧವಾಗಿರುವ ಗ್ರಹವೊಂದರ ಕಥೆ, ಕಲ್ಪನೆ ಕೆಟ್ಟದ್ದೇನಲ್ಲ. ಆದರೆ ಬಣ್ಣ, ಗಾತ್ರ, ನಿಂತ ಜಾಗ, ಇವುಗಳಲ್ಲಿ ಒಂದಿಲ್ಲೊಂದು ಕೆಡದ ದೃಶ್ಯ ಹುಡುಕುವುದೇ ಕಷ್ಟ. ನನಗೆ ಈ ಕಂತು ಅಷ್ಟಾಗಿ ಹಿಡಿಸಲಿಲ್ಲ. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೆ ಆರಿಸಿ ತೆಗೆಯಬಹುದು, ಕಲ್ಲಿನ ರಾಶಿಯಲ್ಲಿ ಹುಡುಕುವುದೇನಿದೆ? ಎರಡನೆಯ ಭಾಗದಲ್ಲಿ ಅಚ್ಚುಕಟ್ಟಾದ ಹತ್ತು ದೃಶ್ಯಗಳ ನಡುವೆ ಅಡಗಿರುವ ಒಂದು ತಪ್ಪನ್ನು ಹಿಡಿಯುವುದರಲ್ಲಿ ಇದಕ್ಕಿಂತ ಹೆಚ್ಚಿನ ಸವಾಲಿದೆ.

ಇನ್ನು ಡಿಸ್ಕುಗಳ ವಿಷಯ. ಇದು ಎಷ್ಟೋ ಜನ ಗಮನಿಸದ, ಆದರೆ ತಪ್ಪು ಹುಡುಕುವವರಿಗೆ ಅತಿ ಮುಖ್ಯವಾದ ಸಂಗತಿ. ಸರಣಿಯ ಡಿವಿಡಿಗಳು ಅಮೆರಿಕದಲ್ಲಿ ಎರಡು ಬಾರಿ ಬಂದಿವೆ, 2002ರಿಂದ ಒಮ್ಮೆ, 2009ರಿಂದ ಇನ್ನೊಮ್ಮೆ. ಮೊದಲ ಬಾರಿ ಚಿತ್ರ ಸ್ಪಷ್ಟವಾಗಿರಲೆಂದು 35 ಮಿಲಿಮೀಟರ್ ಫಿಲ್ಮಿನಿಂದ ಡಿಸ್ಕು ಮಾಡಿದರು. ಆದರೆ ಆ ಫಿಲ್ಮು ಪ್ರಸಾರಕ್ಕೂ ಮುಂಚಿನ ಹಂತದ್ದು. ಪ್ರಸಾರದ ವೇಳೆಗೆ ತಿದ್ದಿದ್ದ ಎಷ್ಟೋ ತಪ್ಪುಗಳು ಅದರಲ್ಲಿ ಹಾಗೆಯೇ ಉಳಿದಿದ್ದವು: ಆಗಲೇ ಸರಿಪಡಿಸಿದ್ದ ಬಣ್ಣಗಳು ಮತ್ತೆ ಕೆಟ್ಟಿದ್ದವು, ಬಂದೂಕಿನಿಂದ ಹೊರಡಬೇಕಾದ ಬೆಳಕಿನ ಕಿರಣ ಹೊರಡುತ್ತಿರಲಿಲ್ಲ. ಇದರ ಮೇಲೆ ಹೊಸ ಸದ್ದುಗಳನ್ನೂ ಸೇರಿಸಿದ್ದರು. 2009ರ ಸಂಪುಟ ಬಹುಮಟ್ಟಿಗೆ ಪ್ರಸಾರವಾದ ರೂಪಕ್ಕೇ ಮರಳಿದೆ, ಸ್ಪಷ್ಟತೆ ಅಲ್ಲಲ್ಲಿ ಕಡಿಮೆಯಾದರೂ ಪ್ರೇಕ್ಷಕರು ಅಂದು ಕಂಡದ್ದು ಇದೇ. ಹಾಗಾದರೆ ತಪ್ಪು ಹುಡುಕುವವರಿಗೆ ಯಾವುದು ಮೇಲು? ಹೆಚ್ಚು ತಪ್ಪುಗಳಿರುವ ಮೊದಲಿನದೇ ಎಂದು ಯಾರಾದರೂ ಹೇಳಬಹುದು. ನನ್ನ ಆಯ್ಕೆ 2009ರದು. ತಿದ್ದುವ ಅವಕಾಶ ಸಿಕ್ಕ ಮೇಲೂ ತಪ್ಪಿಸಿಕೊಂಡು ತೆರೆಗೆ ಬಂದ ತಪ್ಪು ನಿಜವಾದ ತಪ್ಪು. ಕರಡಿನಲ್ಲಿ ಉಳಿದ ತಪ್ಪನ್ನು ಎತ್ತಿ ಆಡುವುದು ನ್ಯಾಯವಲ್ಲ. ಹಳೆಯ ಸಂಪುಟ ಕೈಗೆ ಸಿಕ್ಕಿದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಏನನ್ನು ತಿದ್ದಿದರು, ಏನನ್ನು ಬಿಟ್ಟರು ಎಂದು ನೋಡುವುದು ಬೇರೆಯೇ ಆಟ.

ನೋಡುವ ಸಾಧನವೂ ತಪ್ಪುಗಳನ್ನು ಹುಟ್ಟಿಸುತ್ತದೆ ಎಂಬುದು ನಮಗೆ ತಡವಾಗಿ ಅರಿವಾಯಿತು. ಅಮೆರಿಕದ ಡಿವಿಡಿ ಪದ್ಧತಿಯಲ್ಲಿ ಸೆಕೆಂಡಿಗೆ 24 ಫ್ರೇಮುಗಳ ಚಿತ್ರವನ್ನು ಸುಮಾರು 30 ಫ್ರೇಮುಗಳಿಗೆ ಹಿಗ್ಗಿಸುವಾಗ ಪ್ರತಿ ಐದರಲ್ಲಿ ಎರಡು ಫ್ರೇಮುಗಳು ಹಿಂದಿನ ಮತ್ತು ಮುಂದಿನ ಚಿತ್ರಗಳ ಪಟ್ಟಿಪಟ್ಟಿ ಬೆರಕೆಯಾಗಿರುತ್ತವೆ. ಅಂಥ ಫ್ರೇಮಿನಲ್ಲಿ ನಿಲ್ಲಿಸಿದರೆ ಒಬ್ಬನಿಗೆ ನಾಲ್ಕು ಕೈ ಕಾಣುತ್ತವೆ. ನಾವು ಆರಂಭದಲ್ಲಿ ಇಂಥ ಹನ್ನೆರಡು "ತಪ್ಪು"ಗಳನ್ನು ಉತ್ಸಾಹದಿಂದ ಬರೆದಿಟ್ಟು ನಂತರ ಅಷ್ಟನ್ನೂ ಹೊಡೆದು ಹಾಕಬೇಕಾಯಿತು. ಹೊಸ ಟಿವಿಗಳಲ್ಲಿ ಚಲನೆಯನ್ನು ನಯಗೊಳಿಸುವ ಸೌಲಭ್ಯ ಮೊದಲೇ ಚಾಲೂ ಆಗಿರುವುದುಂಟು. ಅದು ಎರಡು ಚಿತ್ರಗಳ ನಡುವೆ ಕಲಾವಿದ ಎಂದೂ ಬಿಡಿಸದ ಚಿತ್ರಗಳನ್ನು ತಾನೇ ಊಹಿಸಿ ತುರುಕುತ್ತದೆ, ವೇಗವಾಗಿ ತಿರುಗುವ ಮುಖದ ರೇಖೆಗಳನ್ನು ಕರಗಿಸುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ಬಂದ್ ಮಾಡದೆ ಈ ಕೆಲಸಕ್ಕೆ ಕೂರುವುದು ವ್ಯರ್ಥ. ಸರಣಿ ತಯಾರಾದದ್ದು ಹಳೆಯ ಟಿವಿಯ ನಾಲ್ಕಕ್ಕೆ ಮೂರರ ಅಳತೆಗೆ, ಆದ್ದರಿಂದ ಇಕ್ಕೆಲಗಳ ಕಪ್ಪು ಪಟ್ಟಿಗಳನ್ನು ಸಹಿಸಿಕೊಳ್ಳಬೇಕು. ತೆರೆ ತುಂಬಲೆಂದು ಎಳೆದರೆ ರೋಬೋಗಳೆಲ್ಲ ಡೊಳ್ಳುಹೊಟ್ಟೆಯವರಾಗುತ್ತಾರೆ.

ಹೋಲಿಸಿ ನೋಡೋಣವೆಂದು ನಾನು ಚಂದಾದಾರನಾಗಿರುವ ಒಂದು ಸ್ಟ್ರೀಮಿಂಗ್ ಸೇವೆಯಲ್ಲಿ ಇನ್ನೊಂದು ಹಳೆಯ ಕಾರ್ಟೂನನ್ನು ಇದೇ ಕಣ್ಣಿನಿಂದ ನೋಡಲು ಕುಳಿತೆ. ಅಗಲ ತೆರೆಗೆ ಹೊಂದಿಸಲು ಅವರು ಮೇಲೆ ಕೆಳಗೆ ಚಿತ್ರವನ್ನೇ ಕತ್ತರಿಸಿದ್ದರು, ಪಾತ್ರಗಳ ತಲೆಗಳು ಹೋಗಿದ್ದವು. ಧೂಳಿನ ಚುಕ್ಕೆಗಳನ್ನು ಯಂತ್ರದಿಂದ ಒರೆಸುವ ಭರದಲ್ಲಿ ಓಡುವ ಕಾಲಿನ ರೇಖೆಗಳನ್ನೂ ಒರೆಸಿದ್ದರು, ನನ್ನ ಸೋದರಳಿಯ ಅದನ್ನು ಚಿತ್ರಕಾರರ ಲೆಕ್ಕಕ್ಕೆ ಬರೆದುಕೊಂಡಿದ್ದ. ಅಲ್ಲಿ ಒಂದೊಂದೇ ಫ್ರೇಮ್ ಸರಿಸುವ ವ್ಯವಸ್ಥೆಯೂ ಇರಲಿಲ್ಲ, ಇದ್ದದ್ದು ಹತ್ತು ಸೆಕೆಂಡ್ ಹಿಂದೆ ಮುಂದೆ ಹಾರುವ ಗುಂಡಿ ಮಾತ್ರ. ಡಿಸ್ಕಿನ ಅನುಕೂಲ ಇಲ್ಲಿ ಎದ್ದು ಕಾಣುತ್ತದೆ. ಗಣಕಯಂತ್ರದಲ್ಲಿ ವಿಎಲ್‌ಸಿ ಪ್ಲೇಯರ್ ಬಳಸಿದರೆ ಕೀಲಿಮಣೆಯ 'ಇ' ಅಕ್ಷರ ಒತ್ತಿದಂತೆಲ್ಲ ಚಿತ್ರ ಒಂದೊಂದೇ ಫ್ರೇಮ್ ಮುಂದೆ ಸಾಗುತ್ತದೆ. ಯೂಟ್ಯೂಬಿನಲ್ಲಿ ನೋಡುವವರು ವಿಡಿಯೋ ನಿಲ್ಲಿಸಿ ಪೂರ್ಣವಿರಾಮ ಮತ್ತು ಅಲ್ಪವಿರಾಮದ ಕೀಲಿಗಳನ್ನು ಒತ್ತಿ ಮುಂದೆ ಹಿಂದೆ ಸರಿಯಬಹುದು.

ಸಂಪುಟವನ್ನು ಕೇವಲ ಕಥೆಗಾಗಿ ನೋಡಬಯಸುವ ಮಕ್ಕಳಿಗೆ ಇದು ಸ್ವಲ್ಪ ಉದ್ದವೆನಿಸೀತು. ಎರಡನೆಯ ಭಾಗದ ಕೆಲವು ಕಂತುಗಳು ಆಟಿಕೆಯ ಜಾಹೀರಾತನ್ನು ಎಳೆದು ಬೆಳೆಸಿದಂತಿವೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ತಪ್ಪು ಹುಡುಕಲು ಹೊರಟವರು ಮೂರು ಕಂತುಗಳ ಆರಂಭದ ಕಥೆಯಿಂದ ಶುರುಮಾಡಿ, ಸ್ಟಾರ್‌ಸ್ಕ್ರೀಮ್, ಥಂಡರ್‌ಕ್ರ್ಯಾಕರ್, ಸ್ಕೈವಾರ್ಪ್ ಮೂವರ ಬಣ್ಣಗಳನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು, ನಂತರ ಎರಡನೆಯ ಭಾಗಕ್ಕೆ ಹೋಗಲಿ, ಮೂರನೆಯದನ್ನು ಕೊನೆಗಿಡಲಿ. ದಿನಕ್ಕೆ ಒಂದು ಕಂತು ಸಾಕು. ಮೊದಲ ಸಲ ನಿಲ್ಲಿಸದೆ ನೋಡಿ, ಎರಡನೆಯ ಸಲ ಸದ್ದು ಪೂರ್ತಿ ಆರಿಸಿ ನೋಡಬೇಕು, ಏಕೆಂದರೆ ದನಿ ಕೇಳುತ್ತಿರುವಷ್ಟು ಹೊತ್ತು ಕಿವಿ ಕಣ್ಣಿಗೆ ಮೋಸ ಮಾಡುತ್ತಲೇ ಇರುತ್ತದೆ. ನಾನು ಆ ನೀಲಿ ಮೈಯನ್ನು ಕಾಣದೇ ಹೋದದ್ದು ಮಾತನಾಡುತ್ತಿರುವವನು ಸ್ಟಾರ್‌ಸ್ಕ್ರೀಮ್ ಎಂದು ನನ್ನ ಕಿವಿ ಆಗಲೇ ತೀರ್ಮಾನಿಸಿಬಿಟ್ಟಿದ್ದರಿಂದ. ಹುಡುಗನಿಗೆ ಅವನ ಹೆಸರೇ ಇನ್ನೂ ಗೊತ್ತಿರಲಿಲ್ಲ.